ಸೋರ್ಬೋನ್ ಎದುರಿನ ಅಮೃತಶಿಲೆ

ಪ್ಯಾರಿಸ್ ನಗರದ ಸೋರ್ಬೋನ್ ವಿಶ್ವವಿದ್ಯಾಲಯದ ಮುಂಬಾಗಿಲಿನಿಂದ ಹೊರಬಂದರೆ ಎದುರಿಗೆ ಒಂದು ಚಿಕ್ಕ ಉದ್ಯಾನವಿದೆ. ಅದರ ಅಂಚಿನಲ್ಲಿ ವಿಶ್ವವಿದ್ಯಾಲಯಕ್ಕೆ ಮುಖ ಮಾಡಿ ಒಬ್ಬ ಮನುಷ್ಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಮೈ ತುಸು ಮುಂದಕ್ಕೆ ಬಾಗಿದೆ. ತುಟಿಯಲ್ಲಿ ಸಣ್ಣ ನಗು. ನಿನ್ನ ಮಾತು ಮುಗಿಯಲಿ, ಆಮೇಲೆ ನಾನೊಂದು ಹೇಳುವುದಿದೆ ಎನ್ನುವಂತಿದೆ ಅವನ ಭಂಗಿ. ಚಾಚಿಕೊಂಡಿರುವ ಒಂದು ಪಾದ ಮಾತ್ರ ಉಳಿದ ಮೈಗಿಂತ ಹೆಚ್ಚು ಹೊಳೆಯುತ್ತದೆ. ಪರೀಕ್ಷೆಗೆ ಹೋಗುವ ಹುಡುಗ ಹುಡುಗಿಯರು ಆ ಪಾದವನ್ನು ಮುಟ್ಟಿ, ಅವನಿಗೊಂದು ಸಲಾಂ ಹೇಳಿ ಹೋದರೆ ಪಾಸಾಗುತ್ತಾರೆ ಎಂಬ ನಂಬಿಕೆ ಅಲ್ಲಿನ ವಿದ್ಯಾರ್ಥಿಗಳಲ್ಲಿದೆ. ದರ್ಗಾದ ಹೊಸ್ತಿಲು ಮುಟ್ಟಿ, ಗುಡಿಯ ಗಂಟೆ ಬಾರಿಸಿ ಪರೀಕ್ಷೆ ಬರೆದ ನಮಗೆ ಇದೇನೂ ಹೊಸತಲ್ಲ. ಆದರೆ ಆ ಪಾದದ ಒಡೆಯ ಯಾರೆಂದು ತಿಳಿದಾಗ ಮಾತ್ರ ನಗು ಬರುತ್ತದೆ. ಮನುಷ್ಯ ತನಗೆ ಗೊತ್ತು ಎಂದುಕೊಂಡಿರುವುದನ್ನೆಲ್ಲ ಇನ್ನೊಮ್ಮೆ ತೂಗಿ ನೋಡಬೇಕೆಂದು ಜೀವನವಿಡೀ ಬರೆದವನ ಪಾದವದು. ಅವನ ಹೆಸರು ಮಿಷೆಲ್ ದ ಮಾಂಟೇನ್.

ಇಂದು ಅಲ್ಲಿರುವುದು ಕಂಚಿನ ಪ್ರತಿಮೆ. 1934ರಲ್ಲಿ ಅಲ್ಲಿಗೆ ಬಂದದ್ದು ಅಮೃತಶಿಲೆಯದ್ದು. ಕೆತ್ತಿದವನು ಪೋಲ್ ಲಾಂಡೋವ್‌ಸ್ಕಿ. ಬ್ರೆಜಿಲ್ ದೇಶದ ರಿಯೋ ನಗರದ ಬೆಟ್ಟದ ಮೇಲೆ ಎರಡೂ ತೋಳು ಚಾಚಿ ನಿಂತ ಯೇಸುವಿನ ಬೃಹತ್ ಪ್ರತಿಮೆಯ ಚಿತ್ರವನ್ನು ನೋಡದವರು ಕಡಿಮೆ. 1931ರಲ್ಲಿ ಅನಾವರಣಗೊಂಡ ಆ ಪ್ರತಿಮೆಯ ಶಿಲ್ಪಿಯೂ ಇವನೇ. ಚೀನಾದ ನಾನ್‌ಜಿಂಗ್‌ನಲ್ಲಿ ಸನ್ ಯಾತ್ ಸೆನ್ ಸಮಾಧಿ ಭವನದೊಳಗೆ ಕೂತಿರುವ ಅಮೃತಶಿಲೆಯ ಸನ್ ಯಾತ್ ಸೆನ್ ಕೂಡ ಇವನ ಕೈಯಿಂದಲೇ ಮೂಡಿದ್ದು. ದೇವರನ್ನೂ ರಾಷ್ಟ್ರಪಿತನನ್ನೂ ಎತ್ತರದಲ್ಲಿಟ್ಟ ಈ ಶಿಲ್ಪಿ ಮಾಂಟೇನ್‌ನನ್ನು ದಾರಿಹೋಕರ ಕೈಗೆಟುಕುವಷ್ಟು ತಗ್ಗಿನಲ್ಲಿ ಕೂರಿಸಿದ. ಅದನ್ನು ನಗರಕ್ಕೆ ಕಾಣಿಕೆಯಾಗಿ ಕೊಟ್ಟವನು ಬೋರ್ಡೊ ಪಟ್ಟಣದ ವೈದ್ಯ ಆರ್ಮಾಂಗೋ. 1912ರಲ್ಲಿ ಮಾಂಟೇನ್‌ನ ಗೆಳೆಯರ ಸಂಘವೊಂದನ್ನು ಕಟ್ಟಿ, ಮುಪ್ಪಿನವರೆಗೂ ಈ ಒಬ್ಬ ಬರಹಗಾರನ ಗುಂಗಿನಲ್ಲೇ ಬದುಕಿದ ಮನುಷ್ಯ ಆತ. ಪೀಠದ ಮೇಲೆ ಪ್ಯಾರಿಸ್ ನಗರದ ಬಗ್ಗೆ ಮಾಂಟೇನ್ ಬರೆದ ಪ್ರೀತಿಯ ಮಾತುಗಳನ್ನು ಕೆತ್ತಲಾಗಿದೆ. ಬಾಲ್ಯದಿಂದಲೇ ಆ ನಗರಕ್ಕೆ ಮನಸೋತಿದ್ದ ಅವನು, ತನ್ನನ್ನು ಫ್ರೆಂಚನನ್ನಾಗಿ ಮಾಡಿದ್ದೇ ಆ ನಗರ ಎಂದು ನಂಬಿದ್ದ.

ಇಷ್ಟು ದೂರದ ಒಂದು ಪ್ರತಿಮೆಯ ಬಗ್ಗೆ ಇಲ್ಲಿ ಬರೆಯಲು ಕಾರಣವಿದೆ. ಅದು ನೋಡುತ್ತಿರುವ ಕಟ್ಟಡದ ಅಂಗಳದಲ್ಲಿ 2020ರಲ್ಲಿ ಒಬ್ಬ ಮೇಷ್ಟ್ರ ಶವಪೆಟ್ಟಿಗೆಯನ್ನು ಇಟ್ಟು ಗೌರವ ಸಲ್ಲಿಸಲಾಯಿತು. ಈಗ ಆ ಉದ್ಯಾನಕ್ಕೆ ಅದೇ ಮೇಷ್ಟ್ರ ಹೆಸರು. ಆ ಸಾವಿನ ನೆರಳು ನಮ್ಮ ಸಮುದಾಯದ ಮೇಲೂ ಬಿದ್ದಿದೆ. ಅಲ್ಲಿಗೆ ಹೋಗುವ ಮುನ್ನ ಈ ಕಲ್ಲಿನ ಮನುಷ್ಯನನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ.

ಮಾಂಟೇನ್ ಹುಟ್ಟಿದ್ದು 1533ರ ಫೆಬ್ರವರಿ 28ರಂದು, ಬೋರ್ಡೊದ ಪೂರ್ವಕ್ಕಿರುವ ತಮ್ಮ ಜಹಗೀರಿನ ಮನೆಯಲ್ಲಿ. ಜಹಗೀರು ಬಹಳ ಹಳೆಯದೇನಲ್ಲ. ದ್ರಾಕ್ಷಾರಸ, ಉಪ್ಪು ಮೀನು, ನೀಲಿ ಬಣ್ಣದ ಗಿಡ ಇವುಗಳ ವ್ಯಾಪಾರ ಮಾಡಿ ಗಳಿಸಿದ ಹಣದಿಂದ ಅವನ ಮುತ್ತಜ್ಜ 1477ರಲ್ಲಿ ಅದನ್ನು ಕೊಂಡಿದ್ದ. ತಾಯಿಯ ಕಡೆಯವರು ಸ್ಪೇನಿನಿಂದ ಬಂದು ಕ್ರೈಸ್ತರಾದ ಯಹೂದಿ ಮೂಲದವರು ಎಂದು ಬಹುಪಾಲು ಇತಿಹಾಸಕಾರರು ಹೇಳುತ್ತಾರೆ. ತಂದೆ ಪಿಯೆರ್ ಸ್ವಲ್ಪ ವಿಚಿತ್ರ ಮನುಷ್ಯ. ಹುಟ್ಟಿದ ಮಗುವನ್ನು ಬಡ ರೈತರ ಮನೆಗೆ ಕಳಿಸಿ ಅಲ್ಲೇ ಬೆಳೆಯಬಿಟ್ಟ, ಮುಂದೆ ಈ ಜನರೊಂದಿಗೆ ಮಗನಿಗೆ ನಂಟು ಇರಲಿ ಎಂದು. ಮರಳಿ ತಂದ ಮೇಲೆ ಫ್ರೆಂಚ್ ಬಾರದ ಒಬ್ಬ ಜರ್ಮನ್ ಗುರುವನ್ನು ನೇಮಿಸಿ, ಮಗುವಿನೊಂದಿಗೆ ಮನೆಯವರೆಲ್ಲ ಲ್ಯಾಟಿನ್‌ನಲ್ಲೇ ಮಾತಾಡಬೇಕೆಂದು ಕಟ್ಟಪ್ಪಣೆ ಮಾಡಿದ. ಅಡುಗೆಯವರು, ಆಳುಗಳು ಕೂಡ ನಾಲ್ಕು ಲ್ಯಾಟಿನ್ ಪದ ಕಲಿಯಬೇಕಾಯಿತು. ಆರನೇ ವಯಸ್ಸಿಗೆ ಶಾಲೆ ಸೇರಿದಾಗ ಆ ಹುಡುಗನ ಲ್ಯಾಟಿನ್‌ಗೆ ಮೇಷ್ಟ್ರುಗಳೇ ಹೆದರುತ್ತಿದ್ದರಂತೆ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ, ಮದರಸದಲ್ಲಿ ಇನ್ನೊಂದು ಎಂದು ಬೆಳೆದ ನಮ್ಮಂಥವರಿಗೆ ಈ ಬಾಲ್ಯ ತೀರ ಅಪರಿಚಿತವಲ್ಲ.

ಮುಂದೆ ಅವನು ಬೋರ್ಡೊದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧಿಕಾರಿಯಾದ. ಅಲ್ಲಿ ಎತಿಯೆನ್ ದ ಲಾ ಬೊಯೆಸಿ ಎಂಬ ಸಹೋದ್ಯೋಗಿಯ ಗೆಳೆತನವಾಯಿತು. ಒಬ್ಬ ದೊರೆಯ ದಬ್ಬಾಳಿಕೆಗೆ ಸಾವಿರಾರು ಜನ ತಾವಾಗಿಯೇ ತಲೆ ಬಾಗುವುದೇಕೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಎಳೆಯ ವಯಸ್ಸಿನಲ್ಲೇ ಒಂದು ಪುಸ್ತಕ ಬರೆದಿದ್ದವನು ಈ ಲಾ ಬೊಯೆಸಿ. 1563ರಲ್ಲಿ, ಕೇವಲ 32ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಮಾಂಟೇನ್ ಆ ಅಗಲಿಕೆಯಿಂದ ಕೊನೆಯವರೆಗೂ ಚೇತರಿಸಿಕೊಳ್ಳಲಿಲ್ಲ. ತಂದೆಯೂ ಹೋದರು. ಹುಟ್ಟಿದ ಆರು ಹೆಣ್ಣುಮಕ್ಕಳಲ್ಲಿ ಉಳಿದದ್ದು ಲಿಯೊನೋರ್ ಒಬ್ಬಳೇ. 1570ರಲ್ಲಿ ನೌಕರಿ ಬಿಟ್ಟು, ಮರುವರ್ಷ ತನ್ನ 38ನೇ ಹುಟ್ಟುಹಬ್ಬದ ದಿನ, ತಾನಿನ್ನು ನಿವೃತ್ತ ಎಂದು ಲ್ಯಾಟಿನ್‌ನಲ್ಲಿ ಗೋಡೆಯ ಮೇಲೆ ಬರೆಸಿದ. ಜಹಗೀರಿನ ಮನೆಯ ಮೂಲೆಯಲ್ಲಿದ್ದ ದುಂಡನೆಯ ಗೋಪುರವೇ ಅವನ ಬಿಡಾರವಾಯಿತು. ಕೆಳಗೆ ಪ್ರಾರ್ಥನಾ ಕೋಣೆ, ಅದರ ಮೇಲೆ ಮಲಗುವ ಕೋಣೆ, ಮೇಲುಗಡೆ ಸುಮಾರು ಸಾವಿರ ಪುಸ್ತಕಗಳ ಗ್ರಂಥಾಲಯ. ತೊಲೆಗಳ ಮೇಲೆಲ್ಲ ಗ್ರೀಕ್ ಮತ್ತು ಲ್ಯಾಟಿನ್ ಸೂಕ್ತಿಗಳು. 1885ರಲ್ಲಿ ಆ ಮನೆ ಬೆಂಕಿಗೆ ಆಹುತಿಯಾದಾಗಲೂ ಗೋಪುರ ಮಾತ್ರ ಉಳಿಯಿತು. ಇಂದಿಗೂ ಇದೆ.

ಆ ಗೋಪುರದಲ್ಲಿ ಕೂತು ಅವನು ಬರೆದ ಬರಹಗಳಿಗೆ ಇಟ್ಟ ಹೆಸರು ‘ಎಸ್ಸೆ’. ಫ್ರೆಂಚ್‌ನಲ್ಲಿ ಅದರ ಅರ್ಥ ಪ್ರಯತ್ನ, ಪರೀಕ್ಷಿಸಿ ನೋಡುವುದು. ನಾವು ಅದನ್ನು ಕನ್ನಡಕ್ಕೆ ತಂದಾಗ ‘ಪ್ರಬಂಧ’ ಎಂದೆವು. ಅಂದರೆ ಚೆನ್ನಾಗಿ ಬಿಗಿದು ಕಟ್ಟಿದ್ದು. ಉರ್ದು ಶಾಲೆಯಲ್ಲಿ ಉಸ್ತಾದರು ನಮ್ಮಿಂದ ‘ಮಜ್ಮೂನ್’ ಬರೆಸುತ್ತಿದ್ದರು. ಆಕಳಿನ ಮೇಲೆ, ಈದ್ ಹಬ್ಬದ ಮೇಲೆ, ನನ್ನ ಊರಿನ ಮೇಲೆ. ಎಲ್ಲದಕ್ಕೂ ಪೀಠಿಕೆ, ವಿಷಯ, ಉಪಸಂಹಾರ ಇರಲೇಬೇಕು. ಕೊನೆಯ ಸಾಲಿನಲ್ಲಿ ಒಂದು ಒಳ್ಳೆಯ ಪಾಠ ಸಿಗಲೇಬೇಕು. ಮಾಂಟೇನ್ ಮಾಡಿದ್ದು ಇದರ ತದ್ವಿರುದ್ಧ. ಕುದುರೆಗಾಡಿಯಿಂದ ಆರಂಭಿಸಿ ಅಮೆರಿಕದ ಮೂಲನಿವಾಸಿಗಳ ಸಂಹಾರದಲ್ಲಿ ಮುಗಿಸುತ್ತಾನೆ. ಕುಂಟರ ಬಗ್ಗೆ ಬರೆಯುತ್ತೇನೆಂದು ಹೊರಟು ಮಾಟಗಾತಿಯರ ವಿಚಾರಣೆಗೆ ಬರುತ್ತಾನೆ. ತನ್ನ ಮೂತ್ರಕೋಶದ ಕಲ್ಲು, ತನ್ನ ಮರೆವು, ತನ್ನ ಬೆಕ್ಕಿನ ಆಟ ಎಲ್ಲವನ್ನೂ ಬರೆಯುತ್ತಾನೆ. ಎರಡು ಸಂಪುಟಗಳು 1580ರಲ್ಲಿ ಬೋರ್ಡೊದಲ್ಲಿ ಅಚ್ಚಾದವು. ಮೂರನೆಯದು ಸೇರಿದ ಆವೃತ್ತಿ 1588ರಲ್ಲಿ ಬಂತು.

ಇದೆಲ್ಲ ಬಿಡುವಿನ ಶ್ರೀಮಂತನ ಹರಟೆಯಂತೆ ಕಾಣಬಹುದು. ಗೋಪುರದ ಹೊರಗೆ ಏನು ನಡೆಯುತ್ತಿತ್ತು ಎಂಬುದನ್ನು ನೋಡಿದರೆ ಹಾಗನ್ನಿಸುವುದಿಲ್ಲ. 1562ರಿಂದ 1598ರವರೆಗೆ ಫ್ರಾನ್ಸ್‌ನಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ನಡುವೆ ಒಂದರ ಹಿಂದೊಂದರಂತೆ ಎಂಟು ಯುದ್ಧಗಳಾದವು. ಒಂದೇ ದೇವರು, ಒಂದೇ ಯೇಸು, ಒಂದೇ ಗ್ರಂಥ. ಆದರೂ ಕೊಂದರು. 1572ರ ಆಗಸ್ಟ್ 18ರಂದು ಪ್ಯಾರಿಸ್‌ನಲ್ಲಿ ರಾಜನ ತಂಗಿಗೂ ಪ್ರಾಟೆಸ್ಟೆಂಟ್ ನಾಯಕ ನವಾರ್‌ನ ಹೆನ್ರಿಗೂ ಮದುವೆಯಾಯಿತು. ಎರಡು ಪಂಗಡಗಳನ್ನು ಬೆಸೆಯಬೇಕಾಗಿದ್ದ ಮದುವೆಯದು. ಆರೇ ದಿನಕ್ಕೆ, ಸಂತ ಬಾರ್ತೊಲೊಮಿಯೊ ಹಬ್ಬದ ದಿನ, ಮದುವೆಗೆಂದು ನಗರಕ್ಕೆ ಬಂದಿದ್ದ ಪ್ರಾಟೆಸ್ಟೆಂಟರ ಕೊಲೆ ಆರಂಭವಾಯಿತು. ಪ್ಯಾರಿಸ್ ಒಂದರಲ್ಲೇ ಎರಡು ಮೂರು ಸಾವಿರ ಜನ ಸತ್ತರೆಂದು ಇತಿಹಾಸಕಾರರ ಅಂದಾಜು. ಕೊಲೆಗಳು ಊರಿಂದೂರಿಗೆ ಹರಡಿ ಅಕ್ಟೋಬರ್ 3ರಂದು ಬೋರ್ಡೊಗೂ ಬಂದವು. ಮಾಂಟೇನ್‌ನ ಊರದು. ಅವನ ಮನೆಯೊಳಗೇ ಈ ಬಿರುಕು ಇತ್ತು. ಅವನು ಕ್ಯಾಥೊಲಿಕ್. ಅವನ ಒಬ್ಬ ತಮ್ಮ ಮತ್ತು ಒಬ್ಬ ತಂಗಿ ಪ್ರಾಟೆಸ್ಟೆಂಟರು.

ಸುತ್ತಲಿನ ಜಮೀನುದಾರರೆಲ್ಲ ಮನೆಗೆ ಕೋಟೆ ಕಟ್ಟಿ, ಬಂದೂಕಿನವರನ್ನು ಕಾವಲಿಟ್ಟರು. ಮಾಂಟೇನ್ ಹಾಗೆ ಮಾಡಲಿಲ್ಲ. ಅವನ ಬಾಗಿಲಲ್ಲಿ ಇದ್ದವನು ಒಬ್ಬ ಮುದಿ ಕಾವಲುಗಾರ. ಅವನ ಕೆಲಸವೂ ಬಾಗಿಲು ಮುಚ್ಚುವುದಕ್ಕಿಂತ ಬಂದವರನ್ನು ಮರ್ಯಾದೆಯಿಂದ ಒಳಗೆ ಕರೆಯುವುದಾಗಿತ್ತು. ಭದ್ರವಾಗಿ ಮುಚ್ಚಿದ ಮನೆ ದಾಳಿಗೆ ಆಹ್ವಾನ ಕೊಡುತ್ತದೆ, ತೆರೆದ ಮನೆಗೆ ನುಗ್ಗಲು ಕಳ್ಳನಿಗೂ ನಾಚಿಕೆಯಾಗುತ್ತದೆ ಎಂಬುದು ಅವನ ಲೆಕ್ಕ. ಮೂವತ್ತು ವರ್ಷಗಳ ಅಂತಃಕಲಹದಲ್ಲಿ ಆ ಮನೆ ಉಳಿದುಕೊಂಡಿತು. ಗಲಭೆಯ ರಾತ್ರಿಗಳಲ್ಲಿ ಬಾಗಿಲಿಗೆ ಅಗುಳಿ ಹಾಕಿ ಕೂತು ಗೊತ್ತಿರುವವರಿಗೆ ಈ ತೆರೆದ ಬಾಗಿಲಿನ ಧೈರ್ಯ ಎಷ್ಟು ದೊಡ್ಡದು ಎಂಬುದು ಅರ್ಥವಾದೀತು.

1576ರಲ್ಲಿ ಅವನು ತನಗಾಗಿ ಒಂದು ಪದಕ ಮಾಡಿಸಿಕೊಂಡ. ಅದರ ಒಂದು ಮುಖದಲ್ಲಿ ಸಮತೂಕದಲ್ಲಿ ನಿಂತ ತಕ್ಕಡಿ. ಎರಡೂ ಕಡೆಯನ್ನು ತೂಗಿ, ತೀರ್ಪನ್ನು ತಡೆಹಿಡಿದು ನಿಲ್ಲುವ ಹಳೆಯ ಗ್ರೀಕ್ ಸಂಶಯವಾದಿಗಳ ದಾರಿ ಅದು. ತನಗೆ ಗೊತ್ತಿರುವುದಾದರೂ ಏನು ಎಂದು ತನ್ನನ್ನೇ ಕೇಳಿಕೊಳ್ಳುವುದು ಅವನ ಅಭ್ಯಾಸವಾಗಿತ್ತು. ಇದನ್ನು ಓದಿ ಅವನು ನಾಸ್ತಿಕನಿರಬೇಕೆಂದು ಭಾವಿಸಿದವರಿದ್ದಾರೆ. ಅವನ ಬದುಕು ಆ ಮಾತಿಗೆ ಸಾಕ್ಷಿ ಹೇಳುವುದಿಲ್ಲ. ಹುಟ್ಟಿದ ಧರ್ಮದಲ್ಲೇ ಬಾಳಿದ. 1592ರ ಸೆಪ್ಟೆಂಬರ್ 13ರಂದು ತನ್ನ ಕೋಣೆಯಲ್ಲಿ ಪೂಜೆ ನಡೆಯುತ್ತಿದ್ದಾಗಲೇ ಪ್ರಾಣ ಬಿಟ್ಟ. ಅವನ ಅನುಮಾನ ದೇವರ ಮೇಲಿರಲಿಲ್ಲ. ದೇವರ ಮನಸ್ಸಿನಲ್ಲಿ ಏನಿದೆ ಎಂಬುದು ತಮಗೆ ಖಚಿತವಾಗಿ ಗೊತ್ತು ಎಂದು ಕತ್ತಿ ಹಿಡಿದು ಹೊರಟವರ ಮೇಲಿತ್ತು. ನಮ್ಮ ಇಮಾಮ್ ಗಝಾಲಿಯವರೂ ತಮ್ಮ ಆತ್ಮಕಥನದಲ್ಲಿ ಸುಮಾರು ಎರಡು ತಿಂಗಳು ತಮ್ಮನ್ನು ಕಾಡಿದ ಸಂಶಯದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ‘ಶಕ್’ ಮತ್ತು ‘ಈಮಾನ್’ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದನ್ನು ತಿಳಿಯಲು ನಾವು ಪ್ಯಾರಿಸ್‌ಗೆ ಹೋಗಬೇಕಿಲ್ಲ.

ಮಾಂಟೇನ್‌ನ ಸಂಶಯಕ್ಕೆ ಪ್ರಾಣ ಉಳಿಸುವ ಉದ್ದೇಶವಿತ್ತು. ಆ ಕಾಲದಲ್ಲಿ ಯುರೋಪಿನ ಉದ್ದಕ್ಕೂ ಮಾಟಗಾತಿಯರೆಂದು ಹೆಂಗಸರನ್ನು ಸುಡುತ್ತಿದ್ದರು. ದೊಡ್ಡ ದೊಡ್ಡ ಪಂಡಿತರೇ ಅದಕ್ಕೆ ಶಾಸ್ತ್ರಾಧಾರ ಒದಗಿಸುತ್ತಿದ್ದರು. ಒಬ್ಬರನ್ನು ಜೀವಂತ ಸುಡಬೇಕೆಂದರೆ ನಮ್ಮ ಊಹೆಗೆ ನಾವು ಎಷ್ಟೊಂದು ಬೆಲೆ ಕಟ್ಟಿಕೊಂಡಿರಬೇಕು ಎಂದು ಅವನು ಕೇಳಿದ. ಅದೇ ಬರಹದಲ್ಲಿ ಸುದ್ದಿ ಹರಡುವ ಬಗೆಯನ್ನು ಬಿಡಿಸಿಟ್ಟಿದ್ದಾನೆ. ಮೊದಲು ಹೇಳಿದವನಿಗೆ ಅರ್ಧ ಅನುಮಾನವಿರುತ್ತದೆ. ಕೇಳಿದವನು ನಂಬಲಿ ಎಂದು ಸ್ವಲ್ಪ ಸೇರಿಸುತ್ತಾನೆ. ಕೇಳಿದವನು ಇನ್ನೊಬ್ಬನಿಗೆ ಹೇಳುವಾಗ ಬಿಟ್ಟುಹೋದ ಜಾಗವನ್ನು ತಾನು ತುಂಬುತ್ತಾನೆ. ಕಡೆಗೆ ಕಣ್ಣಾರೆ ಕಂಡವನಿಗಿಂತ ದೂರದಲ್ಲಿ ಕೇಳಿದವನಿಗೇ ಹೆಚ್ಚು ಖಾತ್ರಿಯಾಗಿರುತ್ತದೆ. ಟುಲೂಸ್ ನಗರದ ಒಂದು ಹೆಸರಾಂತ ಮೊಕದ್ದಮೆಯ ನೆನಪನ್ನೂ ಅಲ್ಲಿ ತರುತ್ತಾನೆ. ಕಾಣೆಯಾದ ಗಂಡನ ವೇಷದಲ್ಲಿ ಬಂದು ಸಂಸಾರ ಮಾಡಿದವನನ್ನು 1560ರಲ್ಲಿ ಗಲ್ಲಿಗೇರಿಸಿದ ಪ್ರಕರಣವದು. ನ್ಯಾಯಾಲಯಕ್ಕೆ ಈ ವಿಷಯ ಅರ್ಥವಾಗುತ್ತಿಲ್ಲ ಎಂಬ ತೀರ್ಪು ಕೊಡಲು ಕೂಡ ಒಂದು ದಾರಿ ಇರಬೇಕು ಎಂಬುದು ಮಾಜಿ ನ್ಯಾಯಾಧಿಕಾರಿ ಮಾಂಟೇನ್‌ನ ಅಭಿಪ್ರಾಯ.

ಆತ್ಮಸಾಕ್ಷಿಯ ಸ್ವಾತಂತ್ರ್ಯದ ಬಗ್ಗೆಯೂ ಒಂದು ಬರಹವಿದೆ. ಒಳ್ಳೆಯ ಉದ್ದೇಶಗಳೇ ಹದ ತಪ್ಪಿದಾಗ ಮನುಷ್ಯರಿಂದ ಕೆಟ್ಟ ಕೆಲಸ ಮಾಡಿಸುತ್ತವೆ ಎಂದು ಅದು ಆರಂಭವಾಗುತ್ತದೆ. ಕ್ರೈಸ್ತ ಧರ್ಮ ಬಿಟ್ಟುಹೋದ ರೋಮ್ ಚಕ್ರವರ್ತಿ ಜೂಲಿಯನ್‌ನ ಸದ್ಗುಣಗಳನ್ನು ಅಲ್ಲಿ ಹೊಗಳಿದ್ದಾನೆ. 1581ರಲ್ಲಿ ರೋಮ್‌ಗೆ ಹೋದಾಗ ಪೋಪರ ಪರಿಶೀಲಕರು ಪುಸ್ತಕ ನೋಡಿ ಇದಕ್ಕೆ ತಕರಾರು ತೆಗೆದರು. ಮರಣದಂಡನೆಗೆ ಚಿತ್ರಹಿಂಸೆ ಸೇರಿಸುವುದು ಬರೀ ಕ್ರೌರ್ಯ ಎಂದು ಬರೆದದ್ದೂ ಅವರಿಗೆ ಹಿಡಿಸಲಿಲ್ಲ. ಮಾಂಟೇನ್ ವಿನಯದಿಂದ ಕೇಳಿಸಿಕೊಂಡ. ಊರಿಗೆ ಬಂದು ಏನನ್ನೂ ಬದಲಿಸಲಿಲ್ಲ. ಅವನು ಸತ್ತು 84 ವರ್ಷಗಳಾದ ಮೇಲೆ, 1676ರಲ್ಲಿ ಚರ್ಚು ಆ ಪುಸ್ತಕವನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು.

ಪರರನ್ನು ನೋಡುವಾಗಲೂ ಅವನ ಕಣ್ಣು ಮೊದಲು ತನ್ನ ಮನೆಯ ಕಡೆಗೇ ತಿರುಗುತ್ತಿತ್ತು. ಬ್ರೆಜಿಲ್‌ನಿಂದ ಕರೆತಂದಿದ್ದ ಮೂಲನಿವಾಸಿಗಳನ್ನು ರುವಾಂ ಪಟ್ಟಣದಲ್ಲಿ ಕಂಡ ಅನುಭವವನ್ನು ಬರೆದಿದ್ದಾನೆ. ಸತ್ತವರನ್ನು ತಿನ್ನುವ ಅವರನ್ನು ಕಾಡುಜನ ಎನ್ನುವ ನಾವು ಧರ್ಮದ ಹೆಸರಿನಲ್ಲಿ ನೆರೆಮನೆಯವರನ್ನು ಬದುಕಿರುವಾಗಲೇ ಹಿಂಸಿಸಿ ಸುಡುತ್ತೇವಲ್ಲ ಎಂಬುದು ಅವನ ವಾದ. ಒಂದು ಕಡೆ ಉಂಡು ತುಂಬಿದವರು, ಅವರ ಬಾಗಿಲಲ್ಲೇ ಹಸಿದು ಬೇಡುವವರು, ಇವರು ಯಾಕೆ ಸುಮ್ಮನಿದ್ದಾರೆ ಎಂದು ಆ ಕಾಡುಜನ ಅಚ್ಚರಿಪಟ್ಟದ್ದನ್ನೂ ದಾಖಲಿಸಿದ್ದಾನೆ. ತುರ್ಕರು ಯುರೋಪಿನ ಹೆದರಿಕೆಯಾಗಿದ್ದ ಕಾಲವದು. ಆದರೂ ಅವರು ಪ್ರಾಣಿಗಳಿಗೆಂದು ದಾನ ಕೊಡುತ್ತಾರೆ, ಆಸ್ಪತ್ರೆ ಇಟ್ಟಿದ್ದಾರೆ ಎಂದು ಮೆಚ್ಚಿ ಬರೆದ. 1578ರಲ್ಲಿ ಪೋರ್ಚುಗಲ್‌ನ ದೊರೆ ಸೆಬಾಸ್ಟಿಯನ್ ಮೊರಾಕ್ಕೊದ ಮೇಲೆ ದಂಡೆತ್ತಿ ಹೋದಾಗ, ಸಾವಿನ ಅಂಚಿನಲ್ಲಿದ್ದ ಸುಲ್ತಾನ ಅಬ್ದುಲ್ ಮಲಿಕ್ ಪಲ್ಲಕ್ಕಿಯಲ್ಲಿ ಮಲಗಿಯೇ ಯುದ್ಧ ನಡೆಸಿದ. ತನ್ನ ಸಾವಿನ ಸುದ್ದಿ ಸೈನ್ಯಕ್ಕೆ ತಿಳಿಯಬಾರದೆಂದು ತುಟಿಯ ಮೇಲೆ ಬೆರಳಿಟ್ಟುಕೊಂಡೇ ಕಣ್ಣು ಮುಚ್ಚಿದ. ಕರ್ತವ್ಯದಲ್ಲಿ ಸಾಯುವುದು ಹೇಗೆ ಎಂಬುದಕ್ಕೆ ಈ ಕ್ಯಾಥೊಲಿಕ್ ಲೇಖಕ ಕೊಟ್ಟ ಮಾದರಿ ಆ ಮುಸ್ಲಿಂ ಸುಲ್ತಾನ.

ಹಾಗೆಂದು ಅವನನ್ನು ಔಲಿಯಾ ಮಾಡಬೇಕಾಗಿಲ್ಲ. ಅಷ್ಟೊಂದು ವಿಷಯಗಳ ಬಗ್ಗೆ ಬರೆದ ಈ ಮನುಷ್ಯ ತನ್ನ ಪುಸ್ತಕದಲ್ಲಿ ಬಾರ್ತೊಲೊಮಿಯೊ ಹತ್ಯಾಕಾಂಡದ ಹೆಸರೆತ್ತುವುದಿಲ್ಲ. 1581ರಿಂದ 1585ರವರೆಗೆ ಬೋರ್ಡೊದ ಮೇಯರ್ ಆಗಿದ್ದ. ಅವಧಿ ಮುಗಿಯುವ ಹೊತ್ತಿಗೆ ಊರಿಗೆ ಪ್ಲೇಗ್ ಬಂದಿತ್ತು. ಅಧಿಕಾರ ಹಸ್ತಾಂತರಕ್ಕೂ ಅವನು ಊರೊಳಗೆ ಹೋಗಲಿಲ್ಲ. ಇನ್ನೊಂದು ಕಡೆ, ಕ್ಯಾಥೊಲಿಕ್ ರಾಜನಿಗೂ ಪ್ರಾಟೆಸ್ಟೆಂಟ್ ಹೆನ್ರಿಗೂ ನಡುವೆ ಸಂಧಾನಕ್ಕೆ ಓಡಾಡಿದವನೂ ಅವನೇ. 1584ರ ಡಿಸೆಂಬರ್‌ನಲ್ಲಿ ಹೆನ್ರಿ ಅವನ ಮನೆಗೆ ಬಂದು, ಅವನ ಹಾಸಿಗೆಯಲ್ಲೇ ಮಲಗಿದ್ದ. 1588ರಲ್ಲಿ ಕಟ್ಟಾ ಕ್ಯಾಥೊಲಿಕ್ ಪಕ್ಷದವರು ಮಾಂಟೇನ್‌ನನ್ನು ಬ್ಯಾಸ್ಟಿಲ್ ಸೆರೆಮನೆಗೆ ತಳ್ಳಿದರು. ರಾಜಮಾತೆ ಹೇಳಿಕಳಿಸಿದ ಮೇಲೆ ಅದೇ ದಿನ ಬಿಟ್ಟರು. ಎರಡೂ ಕಡೆಯವರಿಗೆ ಅವನು ಅನುಮಾನಾಸ್ಪದ. ಮಧ್ಯದಲ್ಲಿ ನಿಂತವರ ಪಾಡು ಎಲ್ಲ ಕಾಲದಲ್ಲೂ ಇದೇ. ಅದೇ ಹೆನ್ರಿ ಮುಂದೆ ರಾಜನಾಗಿ 1598ರಲ್ಲಿ ನಾಂಟ್ ಶಾಸನ ಹೊರಡಿಸಿ ಪ್ರಾಟೆಸ್ಟೆಂಟರಿಗೆ ಬದುಕಲು ಹಕ್ಕು ಕೊಟ್ಟಾಗ, ನೋಡಲು ಮಾಂಟೇನ್ ಉಳಿದಿರಲಿಲ್ಲ.

ಅವನನ್ನು ಮೊದಲು ಕಲ್ಲಿನಲ್ಲಿ ಕಾಣಿಸಿದವಳು ಅವನ ಹೆಂಡತಿ ಫ್ರಾಂಸ್ವಾಸ್. ಅವಳು ಮಾಡಿಸಿದ ಸಮಾಧಿ ಶಿಲ್ಪ ಈಗ ಬೋರ್ಡೊದ ಅಕಿಟೇನ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಮಾಂಟೇನ್ ಉಕ್ಕಿನ ಕವಚ ತೊಟ್ಟ ಯೋಧನಂತೆ ಕೈ ಜೋಡಿಸಿ ಮಲಗಿದ್ದಾನೆ. ಕಾಲ ಬಳಿ ಸಿಂಹ. ಒಂದು ಜಹಗೀರುದಾರ ಮನೆತನ ತನ್ನ ಯಜಮಾನ ಹೇಗೆ ಕಾಣಬೇಕೆಂದು ಬಯಸಿತೋ ಹಾಗೆ. ಬಾಗಿಲಿಗೆ ಕಾವಲಿಡದ ಮನುಷ್ಯನಿಗೆ ಸತ್ತ ಮೇಲೆ ಕವಚ ತೊಡಿಸಿದರು. ಅದನ್ನು ಬಿಚ್ಚಿಸಿ, ಎದ್ದು ಕೂರಿಸಿ, ಮಾತಿಗೆ ಹಚ್ಚಿದ್ದು ಲಾಂಡೋವ್‌ಸ್ಕಿ ಎನ್ನಬೇಕು.

ಆ ಶಿಲ್ಪಿಯ ಕತೆಯೂ ಸರಳವಾಗಿಲ್ಲ. 1940ರಲ್ಲಿ ನಾಜಿಗಳು ಪ್ಯಾರಿಸ್ ಹಿಡಿದರು. 1941ರ ನವೆಂಬರ್‌ನಲ್ಲಿ ಫ್ರಾನ್ಸಿನ ಹಲವು ಹೆಸರಾಂತ ಕಲಾವಿದರು ನಾಜಿಗಳ ಆಹ್ವಾನದ ಮೇಲೆ ಜರ್ಮನಿ ಪ್ರವಾಸ ಮಾಡಿ ಬಂದರು. ಆ ತಂಡದಲ್ಲಿ ಲಾಂಡೋವ್‌ಸ್ಕಿ ಇದ್ದ. ಸೆರೆಯಲ್ಲಿದ್ದ ಫ್ರೆಂಚ್ ಕಲಾವಿದರನ್ನು ಬಿಡಿಸಬಹುದೆಂಬ ಆಸೆ ಹೋದವರಿಗೆ ಇತ್ತು. ಆದರೂ ಆ ಪ್ರವಾಸದ ಕಳಂಕ ಅವರನ್ನು ಬಿಡಲಿಲ್ಲ. ಅದೇ ತಿಂಗಳುಗಳಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯಹೂದಿ ಲೇಖಕ ಸ್ಟೀಫನ್ ಜ್ವೈಗ್ ರಿಯೋ ನಗರದ ಸಮೀಪದ ಪೆಟ್ರೊಪೊಲಿಸ್‌ನಲ್ಲಿ ಬಾಡಿಗೆ ಮನೆಯೊಂದರಲ್ಲಿದ್ದ. ಆ ಮನೆಯ ನೆಲಮಾಳಿಗೆಯಲ್ಲಿ ಅವನಿಗೆ ಮಾಂಟೇನ್‌ನ ಹಳೆಯ ಪ್ರತಿಯೊಂದು ಸಿಕ್ಕಿತು. ಹುಚ್ಚು ಹಿಡಿದ ಕಾಲದಲ್ಲಿ ಮನುಷ್ಯ ತನ್ನೊಳಗಿನ ಮನುಷ್ಯತ್ವವನ್ನು ಉಳಿಸಿಕೊಳ್ಳುವುದು ಹೇಗೆಂದು ಕೇಳುತ್ತ, ಮಾಂಟೇನ್ ಬಗ್ಗೆ ಒಂದು ಪುಸ್ತಕ ಬರೆಯತೊಡಗಿದ. ಮುಗಿಸಲಿಲ್ಲ. 1942ರ ಫೆಬ್ರವರಿಯಲ್ಲಿ ಹೆಂಡತಿಯೊಡನೆ ವಿಷ ಸೇವಿಸಿ ಸತ್ತ. ಮಾಂಟೇನ್‌ನನ್ನು ಕೆತ್ತಿದವನು ಕೊಲೆಗಡುಕರ ಅತಿಥಿಯಾದ. ಕೊಲೆಗಡುಕರಿಂದ ಓಡಿದವನು ಮಾಂಟೇನ್‌ನಲ್ಲಿ ಆಸರೆ ಹುಡುಕಿದ. ಎತ್ತಿದ ಕೈಗೆ ತೀರ್ಪು ಕೊಡುವ ಮೊದಲು ಮಾಂಟೇನ್ ಇಬ್ಬರ ಮಾತನ್ನೂ ಕೇಳುತ್ತಿದ್ದ ಎಂದು ಮಾತ್ರ ಹೇಳಬಲ್ಲೆ.

ಯುದ್ಧ ಮುಗಿದು ದಶಕಗಳು ಕಳೆದವು. ಸೋರ್ಬೋನ್ ಎದುರಿನ ಅಮೃತಶಿಲೆಗೆ ವಿದ್ಯಾರ್ಥಿಗಳ ಪ್ರೀತಿ ಭಾರವಾಯಿತು. ಬಣ್ಣ ಬಳಿದರು, ಮೇಲೆ ಹತ್ತಿದರು, ಪಾದ ಸವೆಸಿದರು. ಅಮೃತಶಿಲೆ ಮೃದುವಾದ ಕಲ್ಲು. ಕೈಯ ಬೆವರು, ಮಳೆ, ಹೊಗೆ ಎಲ್ಲವನ್ನೂ ಹೀರಿಕೊಳ್ಳುತ್ತದೆ. 1980ರ ದಶಕದ ಕೊನೆಯಲ್ಲಿ ಅದನ್ನು ತೆಗೆದು ಅದೇ ಅಚ್ಚಿನ ಕಂಚನ್ನು ಕೂರಿಸಿದರು. ಮುಟ್ಟಿದಷ್ಟೂ ಸವೆಯುತ್ತಿದ್ದ ಪಾದ ಈಗ ಮುಟ್ಟಿದಷ್ಟೂ ಹೊಳೆಯತೊಡಗಿತು.

ಇನ್ನು ಆ ಮೇಷ್ಟ್ರ ಮಾತು. ಸ್ಯಾಮ್ಯುಯೆಲ್ ಪಾಟಿ, 47 ವರ್ಷ, ಪ್ಯಾರಿಸ್ ಹೊರವಲಯದ ಶಾಲೆಯೊಂದರಲ್ಲಿ ಇತಿಹಾಸ ಮತ್ತು ಭೂಗೋಳದ ಶಿಕ್ಷಕರು. 2020ರ ಅಕ್ಟೋಬರ್‌ನಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠದಲ್ಲಿ ಪ್ರವಾದಿ ಮುಹಮ್ಮದ್(ಸ)ರ ವ್ಯಂಗ್ಯಚಿತ್ರಗಳನ್ನು ತೋರಿಸಿದರು. ನೋಡಲು ಇಷ್ಟವಿಲ್ಲದವರು ನೋಡಬೇಕಿಲ್ಲ ಎಂದು ಮೊದಲೇ ಹೇಳಿದ್ದರು. ಮುಸ್ಲಿಂ ಮಕ್ಕಳನ್ನು ತರಗತಿಯಿಂದ ಹೊರಹಾಕಿದರು ಎಂದು ಒಬ್ಬ ವಿದ್ಯಾರ್ಥಿನಿ ಮನೆಯಲ್ಲಿ ಹೇಳಿದಳು. ತಂದೆ ಕೋಪದಿಂದ ವಿಡಿಯೋ ಮಾಡಿ ಹರಿಯಬಿಟ್ಟ. ಸುದ್ದಿ ಬೆಳೆಯಿತು. ಅಕ್ಟೋಬರ್ 16ರಂದು, ಅವರನ್ನು ಎಂದೂ ಕಂಡಿರದ 18 ವರ್ಷದ ಹುಡುಗನೊಬ್ಬ ದೂರದ ಊರಿನಿಂದ ಬಂದು ಅವರ ಶಿರಚ್ಛೇದ ಮಾಡಿದ. ಆ ವಿದ್ಯಾರ್ಥಿನಿ ಆ ಪಾಠದ ದಿನ ತರಗತಿಯಲ್ಲೇ ಇರಲಿಲ್ಲ. 2023ರಲ್ಲಿ ನ್ಯಾಯಾಲಯ ಅವಳನ್ನು ಸುಳ್ಳು ಆರೋಪದ ತಪ್ಪಿಗೆ ದೋಷಿ ಎಂದಿತು. ಅಕ್ಟೋಬರ್ 21ರಂದು ಸೋರ್ಬೋನ್ ಅಂಗಳದಲ್ಲಿ ರಾಷ್ಟ್ರ ಅವರಿಗೆ ಅಂತಿಮ ಗೌರವ ಸಲ್ಲಿಸಿತು. ಒಂದು ವರ್ಷದ ನಂತರ, ಎದುರಿನ ಉದ್ಯಾನಕ್ಕೆ ಅವರ ಹೆಸರಿಟ್ಟರು.

ನಾಲ್ಕು ಶತಮಾನಗಳ ಹಿಂದೆ ಆ ಉದ್ಯಾನದ ಕಲ್ಲಿನ ಮನುಷ್ಯ ಬರೆದಿಟ್ಟದ್ದು ಇದನ್ನೇ ಅಲ್ಲವೇ? ಅರ್ಧ ಸತ್ಯವೂ ಇಲ್ಲದ ಮಾತು ಬಾಯಿಂದ ಬಾಯಿಗೆ ಹೋಗಿ, ಕೊನೆಯಲ್ಲಿ ಕೇಳಿದವನ ಕೈಯಲ್ಲಿ ಕತ್ತಿಯಾಗುವುದು. ಅವನಿಗಿಂತ ಎಷ್ಟೋ ಶತಮಾನ ಮೊದಲು ನಮ್ಮ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ, ಯಾರೋ ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಜನರಿಗೆ ಕೇಡು ಮಾಡಬೇಡಿ, ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂದು ಎಚ್ಚರಿಸಿತ್ತು. ಕೊಂದ ಹುಡುಗ ಅದನ್ನು ಓದಿರಲಿಲ್ಲವೇ, ಓದಿಯೂ ಅರ್ಥವಾಗಿರಲಿಲ್ಲವೇ? ಪ್ರವಾದಿಯ ಮೇಲಿನ ಪ್ರೀತಿ ನಮಗೆಲ್ಲ ಇದೆ. ಆ ಚಿತ್ರಗಳು ನನಗೂ ನೋವು ಕೊಟ್ಟಿವೆ. ಆದರೆ ನನ್ನ ನೋವಿಗೆ ಒಬ್ಬ ಮೇಷ್ಟ್ರ ಕತ್ತು ಬೆಲೆಯೆಂದು ಯಾರೋ ನಿರ್ಧರಿಸಿದಾಗ, ನನ್ನ ಪ್ರೀತಿಯೂ ಅವನ ಕತ್ತಿಯ ಜೊತೆ ಕೊಳಕಾಯಿತು.

ಆ ದಿನಗಳಲ್ಲಿ ನಮ್ಮಲ್ಲಿ ಅನೇಕರು ಖಂಡಿಸಿದರು. ಖಂಡಿಸಿ, ಕೂಡಲೇ ‘ಆದರೆ’ ಎಂದು ಸೇರಿಸಿದವರೂ ಇದ್ದರು. ಫ್ರಾನ್ಸ್ ಆಲ್ಜೀರಿಯಾದಲ್ಲಿ ಮಾಡಿದ್ದೇನು ಎಂದು ಕೇಳಿದರು. ಆ ಪ್ರಶ್ನೆ ಸುಳ್ಳಲ್ಲ. ಅದೇ ಸೋರ್ಬೋನ್‌ನಿಂದ ಕೆಲವೇ ನಿಮಿಷ ನಡೆದರೆ ಸಿಗುವ ಸೇಂಟ್ ಮಿಷೆಲ್ ಸೇತುವೆಯ ಬಳಿ, 1961ರ ಅಕ್ಟೋಬರ್ 17ರಂದು ಶಾಂತಿಯುತವಾಗಿ ಮೆರವಣಿಗೆ ಹೊರಟ ಆಲ್ಜೀರಿಯನ್ನರ ಮೇಲೆ ಪೊಲೀಸರು ಎರಗಿದರು. ಎಷ್ಟೋ ಶವಗಳು ಸೇನ್ ನದಿಯಲ್ಲಿ ತೇಲಿದವು. ಅಲ್ಲೊಂದು ನೆನಪಿನ ಫಲಕ ಬರಲು 2001ರವರೆಗೆ ಕಾಯಬೇಕಾಯಿತು. ಫ್ರೆಂಚರು ಆ ಲೆಕ್ಕವನ್ನು ಕೊಡಲೇಬೇಕು. ಮಾಂಟೇನ್ ಇದ್ದಿದ್ದರೆ ತನ್ನವರ ಆ ಲೆಕ್ಕವನ್ನು ಅವನೇ ಮೊದಲು ತೆಗೆಯುತ್ತಿದ್ದ. ತನ್ನವರ ಬೆಂಕಿಯನ್ನು ಮೊದಲು ನೋಡಿದವನಲ್ಲವೇ ಅವನು. ಅವನಿಂದ ನಾವು ಕಲಿಯಬೇಕಾದದ್ದು ಅದನ್ನೇ. ಅವರ ಪಾಪವನ್ನು ಅವರು ತೂಗಲಿ. ನಮ್ಮ ಕಡೆಯಿಂದ ಬಿದ್ದ ಹೆಣದ ಮುಂದೆ ನಿಂತಾಗ ನಮಗೆ ‘ಆದರೆ’ ಎಂಬ ಪದ ಬೇಡ.

ಬೋರ್ಡೊದ ಗ್ರಂಥಾಲಯದಲ್ಲಿ 1588ರ ಆವೃತ್ತಿಯ ಒಂದು ಪ್ರತಿ ಇದೆ. ಅದರ ಅಂಚುಗಳ ತುಂಬ ಮಾಂಟೇನ್‌ನ ಕೈಬರಹ. ಸಾಯುವವರೆಗೂ ತನ್ನ ಅಚ್ಚಾದ ಪುಸ್ತಕದ ಮಗ್ಗುಲಲ್ಲಿ ಸೇರಿಸುತ್ತ, ಹೊಡೆದುಹಾಕುತ್ತ, ಮತ್ತೆ ಬರೆಯುತ್ತ ಹೋಗಿದ್ದ. ಅವನ ನಂತರ ಮರಿ ದ ಗೂರ್ನೆ ಎಂಬ ಹೆಣ್ಣುಮಗಳು, ಅವನು ಮಗಳೆಂದೇ ಕರೆದವಳು, ಅಂಥ ಸೇರ್ಪಡೆಗಳನ್ನೆಲ್ಲ ಕೂಡಿಸಿ 1595ರಲ್ಲಿ ಹೊಸ ಆವೃತ್ತಿ ತಂದಳು. ಅಚ್ಚಾದ ಮೇಲೂ ತನ್ನ ಮಾತನ್ನು ಪೂರ್ತಿ ನಂಬದ ಲೇಖಕನನ್ನು ಕಲ್ಲಿನಲ್ಲಿ ಹಿಡಿದಿಡುವುದು ಕಷ್ಟದ ಕೆಲಸವೇ.

ಸ್ಯಾಮ್ಯುಯೆಲ್ ಪಾಟಿ ಉದ್ಯಾನದ ಅಂಚಿನಲ್ಲಿ ಇಂದೂ ಅವನು ಕೂತಿದ್ದಾನೆ. ಪರೀಕ್ಷೆಯ ದಿನಗಳಲ್ಲಿ ಹುಡುಗ ಹುಡುಗಿಯರು ಬಂದು ಪಾದ ಮುಟ್ಟುತ್ತಾರೆ. ಆ ನಗರದ ವಿದ್ಯಾರ್ಥಿಗಳಲ್ಲಿ ಆಲ್ಜೀರಿಯಾ, ಮೊರಾಕ್ಕೊ, ಸೆನೆಗಲ್ ಮೂಲದ ಮುಸ್ಲಿಂ ಮಕ್ಕಳೂ ಇದ್ದಾರೆ. ಮನೆಯಿಂದ ಹೊರಡುವಾಗ ಬಿಸ್ಮಿಲ್ಲಾ ಎಂದು ಹೇಳಿ, ಇಲ್ಲಿಗೆ ಬಂದು ಆ ಕಂಚಿನ ಚಪ್ಪಲಿಯ ಮೇಲೊಮ್ಮೆ ಕೈಯಾಡಿಸಿ, ಎದುರಿನ ಬಾಗಿಲೊಳಗೆ ಹೋಗುವ ಒಬ್ಬ ಹುಡುಗಿಯನ್ನು ನಾನು ಊಹಿಸಿಕೊಳ್ಳುತ್ತೇನೆ. ಅವಳಿಗೆ ಪ್ರಶ್ನೆಪತ್ರಿಕೆ ಸುಲಭವಾಗಿರಲಿ.